ಉರಿದ ಮೇಲೆ ಉಕ್ಕಿದ ಪ್ರೀತಿ

ದಸರೆಯ ಸಂಜೆ. ಕತ್ತಲು ಕವಿಯುತ್ತಿದ್ದಂತೆ ಮೈಸೂರಿನ ಅರಮನೆ ಒಮ್ಮೆಗೇ ಕಣ್ತೆರೆಯುತ್ತದೆ. ಒಂದು ಲಕ್ಷದ ಆಸುಪಾಸಿನ ದೀಪಗಳು ಕ್ಷಣಾರ್ಧದಲ್ಲಿ ಬೆಳಗಿ, ಕಮಾನು ಗುಮ್ಮಟಗಳನ್ನು ಹೊಂಬಣ್ಣದ ಗೆರೆಯಲ್ಲಿ ಬರೆದು ತೋರಿಸುತ್ತವೆ. ತಂದೆಯ ಹೆಗಲೇರಿದ ಕೂಸು ಚಪ್ಪಾಳೆ ತಟ್ಟುತ್ತದೆ. ದೂರದ ಊರಿನಿಂದ ಬಂದ ಅಜ್ಜಿ ಕೈ ಮುಗಿಯುತ್ತಾಳೆ. ಆ ಬೆಳಕನ್ನು ಕಂಡು ಹಿಗ್ಗುವ ಸಹಸ್ರಾರು ಮಂದಿಯಲ್ಲಿ, ಈ ಅರಮನೆ ಹುಟ್ಟಿದ್ದೇ ಒಂದು ಬೆಂಕಿಯಿಂದ ಎಂಬುದನ್ನು ನೆನೆಯುವವರು ಎಷ್ಟು ಜನ?

ಇಂದಿನ ಅರಮನೆ ನಿಂತಿರುವ ನೆಲದಲ್ಲಿ ಮೊದಲು ಇದ್ದುದು ಮರದ ಅರಮನೆ. ಟಿಪ್ಪು ಸುಲ್ತಾನನ ಪತನಾನಂತರ, ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರಲ್ಲಿ ಪಟ್ಟವಾದ ಮೇಲೆ ಅದನ್ನು ಕಟ್ಟಲಾರಂಭಿಸಿ 1803ರಲ್ಲಿ ಮುಗಿಸಿದರು. ಸುಮಾರು ಒಂದು ಶತಮಾನ ಕಾಲ ಮೈಸೂರಿನ ರಾಜವೈಭವಕ್ಕೆ ಅದೇ ಆಸರೆಯಾಗಿತ್ತು. 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಡಗರದ ನಡುವೆಯೇ ಅಗ್ನಿ ಆ ಮರದ ಮನೆಯನ್ನು ಹೊಕ್ಕಿತು. ಮಂಗಳವಾದ್ಯ ಮೊಳಗಬೇಕಾದ ಮನೆ ಬೂದಿಯಾಯಿತು.

ಆ ಗಳಿಗೆಯಲ್ಲಿ ಅರಮನೆಯ ಹೊಣೆ ಹೊತ್ತಿದ್ದವರು ಒಬ್ಬ ವಿಧವೆ. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲಮರಣಕ್ಕೆ ತುತ್ತಾಗಿದ್ದರು. ಪಟ್ಟಕ್ಕೆ ಬಂದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಹನ್ನೆರಡು ವರ್ಷ. ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಪತಿಯನ್ನು ಕಳೆದುಕೊಂಡ ಎರಡು ಮೂರು ವರ್ಷಗಳೊಳಗೆ ಮನೆಯನ್ನೂ ಕಳೆದುಕೊಂಡರು. ಆದರೂ ಅವರು ಕೈಚೆಲ್ಲಿ ಕೂರಲಿಲ್ಲ. ಸಿಮ್ಲಾದ ವೈಸರಾಯ್ ಭವನವನ್ನು ನಿರ್ಮಿಸಿದ ಅನುಭವವಿದ್ದ ಹೆನ್ರಿ ಇರ್ವಿನ್ನರಿಗೆ ಹೊಸ ಅರಮನೆಯ ವಿನ್ಯಾಸವನ್ನು ವಹಿಸಲಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೆಲಸ ಆರಂಭವಾಯಿತು.

ಆಗ ಎದುರಾದ ಪ್ರಶ್ನೆ, ಉರಿದ ಮನೆಯನ್ನು ಮತ್ತೆ ಕಟ್ಟುವ ಪ್ರತಿಯೊಬ್ಬರಿಗೂ ಎದುರಾಗುವಂಥದು. ಇದ್ದಂತೆಯೇ ಕಟ್ಟಬೇಕೆ, ಇಲ್ಲ ಮತ್ತೆಂದೂ ಉರಿಯದಂತೆ ಕಟ್ಟಬೇಕೆ? ಮೈಸೂರು ಎರಡನೆಯ ದಾರಿಯನ್ನು ಹಿಡಿಯಿತು. ಬೂದುಬಣ್ಣದ ಕಲ್ಲಿನ ಗೋಡೆಗಳು ಎದ್ದವು. ಕಲ್ಯಾಣಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಹಡಗಿನಲ್ಲಿ ಬಂದವು. ಮದುವೆಯ ಮನೆಯಲ್ಲಿ ಬೆಂಕಿಯನ್ನು ಕಂಡ ಅರಮನೆ, ಮುಂದಿನ ಮದುವೆಗಳ ಮಂಟಪವನ್ನು ಕಬ್ಬಿಣದಲ್ಲಿ ಕಟ್ಟಿಕೊಂಡಿತು! ಮರದ ಕೆಲಸ ಕೆತ್ತನೆಯ ಬಾಗಿಲುಗಳಿಗೂ ಅಲಂಕಾರಕ್ಕೂ ಸರಿಯಿತು. 1912ರಲ್ಲಿ ಕೆಲಸ ಪೂರೈಸುವ ವೇಳೆಗೆ ಆದ ವೆಚ್ಚ 41,47,913 ರೂಪಾಯಿ. ಈ ನಡುವೆ, 1902ರ ಆಗಸ್ಟಿನಲ್ಲಿ, ನಾಲ್ವಡಿಯವರಿಗೆ ರಾಜ್ಯಾಧಿಕಾರ ವಹಿಸಿಕೊಡುವ ಸಮಾರಂಭ ಜಗನ್ಮೋಹನ ಅರಮನೆಯಲ್ಲೇ ನಡೆಯಬೇಕಾಯಿತು. ಹೊಸ ಮನೆ ಸಿದ್ಧವಾಗುವವರೆಗೆ ಅರಸರೂ ಕಾಯಲೇಬೇಕಲ್ಲವೆ?

ಸೀನ್ ನದಿಯ ದಂಡೆಯಲ್ಲಿ

ಮೈಸೂರಿನ ಬೆಂಕಿಗೆ ನೂರಿಪ್ಪತ್ತೆರಡು ವರ್ಷ ಸಂದ ಮೇಲೆ ಅದೇ ಪ್ರಶ್ನೆ ಫ್ರಾನ್ಸಿನ ರಾಜಧಾನಿಯಲ್ಲಿ ಎದ್ದುನಿಂತಿತು. ಈ ಸಲ ಉರಿದುದು ಅರಮನೆಯಲ್ಲ, ದೇವಮಂದಿರ. ನೋಡಿದವರು ಒಂದು ಊರಿನವರಲ್ಲ, ಇಡೀ ಜಗತ್ತು.

ಪ್ಯಾರಿಸ್ಸಿನ ನಡುವೆ, ಸೀನ್ ನದಿಯ ನಡುಗಡ್ಡೆಯೊಂದರಲ್ಲಿ, ನೋತ್ರ ದಾಮ್ ಎಂಬ ಪ್ರಧಾನ ಇಗರ್ಜಿ ಇದೆ. ಆ ಹೆಸರಿಗೆ ‘ನಮ್ಮ ಮಾತೆ’ ಎಂದು ಅರ್ಥ. 1163ರಲ್ಲಿ ಅಡಿಗಲ್ಲು ಬಿದ್ದ ಕಟ್ಟಡ ಅದು. ದ್ವಾರಸಮುದ್ರದಲ್ಲಿ ಹೊಯ್ಸಳರ ಶಿಲ್ಪಿಗಳು ಉಳಿ ಹಿಡಿದಿದ್ದ ಶತಮಾನದ್ದು. ಗೋಡೆ, ಕಮಾನು, ಒಳಛಾವಣಿ ಎಲ್ಲವೂ ಕಲ್ಲು. ಆದರೆ ಕಲ್ಲಿನ ಒಳಛಾವಣಿಯ ಮೇಲೆ, ಸೀಸದ ಹೊದಿಕೆಯ ಕೆಳಗೆ, ಓಕ್ ಮರದ ತೊಲೆಗಳ ದಟ್ಟ ಚೌಕಟ್ಟೊಂದಿತ್ತು. ಅದರ ದಟ್ಟಣೆಯನ್ನು ಕಂಡು ಜನ ಅದನ್ನು ‘ಕಾಡು’ ಎಂದೇ ಕರೆಯುತ್ತಿದ್ದರು. ಶತಮಾನಗಳ ಬಿಸಿಲಿಗೆ ಒಣಗಿದ ಕಾಡು ಅದು.

2019ರ ಏಪ್ರಿಲ್ 15, ಸೋಮವಾರ. ಕ್ರೈಸ್ತರಿಗೆ ಪವಿತ್ರವಾದ ವಾರದ ಮೊದಲ ದಿನಗಳು. ಸಂಜೆ ಆರೂ ಇಪ್ಪತ್ತರ ಸುಮಾರಿಗೆ ಅಪಾಯಸೂಚಕ ಗಂಟೆ ಬಾರಿಸಿತು. ಕೆಲಸಕ್ಕೆ ಸೇರಿ ಕೆಲವೇ ದಿನಗಳಾಗಿದ್ದ ನೌಕರನೊಬ್ಬನಿಂದ ಸೂಚನೆ ಪಡೆದ ಕಾವಲುಗಾರ ಬೇರೊಂದು ಅಟ್ಟವನ್ನು ಹತ್ತಿ ನೋಡಿದ. ಅಲ್ಲಿ ಏನೂ ಇರಲಿಲ್ಲ. ತಪ್ಪು ತಿಳಿದು ಸರಿಯಾದ ಅಟ್ಟಕ್ಕೆ ಹೋಗುವಷ್ಟರಲ್ಲಿ ಸುಮಾರು ಅರ್ಧ ಗಂಟೆ ಕಳೆದಿತ್ತು, ತೊಲೆಗಳಿಗೆ ಉರಿ ಹತ್ತಿತ್ತು. ಏಳೂ ಐವತ್ತರ ವೇಳೆಗೆ, 96 ಮೀಟರ್ ಎತ್ತರದಲ್ಲಿದ್ದ ಸೂಜಿಮೊನೆಯ ಶಿಖರ ಮುರಿದು, ಕಲ್ಲಿನ ಛಾವಣಿಯನ್ನು ಭೇದಿಸಿಕೊಂಡು ಧರಾಶಾಯಿಯಾಯಿತು. ಭಾರತದಲ್ಲಿ ಆಗ ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ಟೆಲಿವಿಷನ್ನಿನ ಮುಂದೆ ಇನ್ನೂ ಎಚ್ಚರವಿದ್ದವರು ಆ ದೃಶ್ಯವನ್ನು ಕಂಡು ದಿಗ್ಭ್ರಾಂತರಾದರು.

ಸುಮಾರು 400 ಮಂದಿ ಅಗ್ನಿಶಾಮಕರು ರಾತ್ರಿಯಿಡೀ ಹೋರಾಡಿದರು. ಉತ್ತರದ ಗೋಪುರದೊಳಗೂ ಕಿಡಿ ಹೊಕ್ಕಿತ್ತು. ಅಲ್ಲಿಯ ಭಾರಿ ಗಂಟೆಗಳನ್ನು ಹೊತ್ತಿದ್ದುದು ಮರದ ಚೌಕಟ್ಟು. ಅದು ಸುಟ್ಟು ಗಂಟೆಗಳು ಉರುಳಿದ್ದರೆ ಗೋಪುರವೇ ಕುಸಿಯುವ ಭಯವಿತ್ತು. ಕೆಲವೇ ಮಂದಿ ಪ್ರಾಣದ ಹಂಗು ತೊರೆದು ಗೋಪುರವೇರಿ ಆ ಉರಿಯನ್ನು ನಂದಿಸಿದರು. ಇತ್ತ ಕೆಳಗೆ, ಪಾದ್ರಿಗಳೂ ಅಗ್ನಿಶಾಮಕರೂ ನೌಕರರೂ ಸೇರಿ, ಏಸುವಿನ ಮುಳ್ಳಿನ ಕಿರೀಟವೆಂದು ಭಕ್ತರು ನಂಬುವ ಪವಿತ್ರ ವಸ್ತುವನ್ನೂ ಇತರ ನಿಧಿಗಳನ್ನೂ ಹೊರತಂದರು. ಬೆಳಗಿನ ಹೊತ್ತಿಗೆ ಮರದ ಕಾಡು ಇಲ್ಲವಾಗಿತ್ತು. ಆದರೆ ಎರಡು ಗೋಪುರಗಳು, ಬಹುಪಾಲು ಕಲ್ಲಿನ ಛಾವಣಿ, ಬಣ್ಣದ ಗಾಜಿನ ಮೂರು ದೊಡ್ಡ ಗುಲಾಬಿ ಕಿಟಕಿಗಳು, ಸುಮಾರು 8,000 ಕೊಳವೆಗಳ ಮಹಾವಾದ್ಯ ಉಳಿದುಕೊಂಡಿದ್ದವು. ಪಕ್ಕದ ಕಟ್ಟಡದ ಮಾಳಿಗೆಯಲ್ಲಿ ಸಾಕಿದ್ದ ಜೇನುಗೂಡುಗಳಲ್ಲಿ ನೊಣಗಳೂ ಬದುಕಿದ್ದವು ಎಂಬ ಸುದ್ದಿ ಕೇಳಿ, ಆ ದುಃಖದಲ್ಲಿಯೂ ಎಷ್ಟೋ ಜನ ನಸುನಕ್ಕರು.

ಕಣ್ಣೀರು, ಕಾಣಿಕೆ, ಕೋಪ

ಅಂದು ಸಂಜೆ ನದಿಯ ದಂಡೆಯ ಮೇಲೆ ನೆರೆದವರಲ್ಲಿ ಭಕ್ತರಿದ್ದರು. ಎಂದೂ ಇಗರ್ಜಿಯ ಮೆಟ್ಟಿಲು ಹತ್ತದವರೂ ಇದ್ದರು. ಕೆಲವರು ಮೊಣಕಾಲೂರಿ ಮಾತೆ ಮರಿಯಳ ಸ್ತೋತ್ರವನ್ನು ಹಾಡಿದರು. ಉಳಿದವರು ಬಿಟ್ಟ ಕಣ್ಣು ಬಿಟ್ಟಂತೆ ನಿಂತರು. ಎರಡು ದಿನಗಳ ತರುವಾಯ, ಬೆಂಕಿ ಹೊತ್ತಿದ ಸಮಯಕ್ಕೆ ಸರಿಯಾಗಿ, ಫ್ರಾನ್ಸಿನ ಪ್ರಧಾನ ಇಗರ್ಜಿಗಳ ಗಂಟೆಗಳು ಮೊಳಗಿದವು. ವಿಕ್ಟರ್ ಹ್ಯೂಗೋ ಈ ಕಟ್ಟಡವನ್ನೇ ನಾಯಕನನ್ನಾಗಿಸಿ 1831ರಲ್ಲಿ ಪ್ರಕಟಿಸಿದ ಕಾದಂಬರಿಗೆ ಪುಸ್ತಕದ ಅಂಗಡಿಗಳಲ್ಲಿ ಹೊಸ ಬೇಡಿಕೆ ಬಂದಿತು. ಶಿಥಿಲವಾಗಿದ್ದ ಇಗರ್ಜಿಯತ್ತ ಅಂದಿನ ಜನರ ಕಣ್ಣು ತಿರುಗಿಸಿದ್ದೂ ಆ ಕಾದಂಬರಿಯೇ.

ಹಣವೂ ಹೊಳೆಯಾಗಿ ಹರಿಯಿತು. ಧನಿಕ ಮನೆತನಗಳು 10 ಕೋಟಿ, 20 ಕೋಟಿ ಯೂರೋಗಳ ವಾಗ್ದಾನವಿತ್ತವು. ಶಾಲೆಯ ಮಕ್ಕಳು ಪುಡಿಗಾಸು ಕಳುಹಿದರು. ಕಟ್ಟಕಡೆಗೆ ಸಂಗ್ರಹವಾದ ಮೊತ್ತ ಸುಮಾರು 84.6 ಕೋಟಿ ಯೂರೋ. ಕೊಟ್ಟವರು 150 ದೇಶಗಳ ಸುಮಾರು 3,40,000 ಮಂದಿ.

ಇಲ್ಲಿಯೇ ಒಂದು ಮಾತು ಮನಸ್ಸನ್ನು ಚುಚ್ಚುತ್ತದೆ. ಬೆಂಕಿಗೆ ಎರಡು ವರ್ಷ ಮುಂಚೆ, 2017ರಲ್ಲಿ, ಇದೇ ಇಗರ್ಜಿಗಾಗಿ ದೇಣಿಗೆಯ ಕೋರಿಕೆ ಹೊರಟಿತ್ತು. ಹೊಗೆ ಮಳೆಗಳಿಗೆ ಸಿಕ್ಕಿ ಕಲ್ಲುಗಳು ಪುಡಿಯಾಗುತ್ತಿದ್ದವು. ಬಿದ್ದ ಶಿಲ್ಪಗಳ ಜಾಗದಲ್ಲಿ ಪ್ಲಾಸ್ಟಿಕ್ಕಿನ ಕೊಳವೆ ಮರದ ಹಲಗೆಗಳನ್ನು ಇಟ್ಟು ಕಾಲ ತಳ್ಳಲಾಗುತ್ತಿತ್ತು. ಸರಿಪಡಿಸಲು ಸುಮಾರು 15 ಕೋಟಿ ಯೂರೋ ಬೇಕೆಂದು ಅಂದಾಜಾಗಿತ್ತು. ಆದರೆ ಆಗ ಕೈ ನೀಡಿದವರು ವಿರಳ. ನಿಂತಿದ್ದಾಗ 15 ಕೋಟಿ ಕೂಡದ ಮನೆಗೆ, ಉರಿದ ಮೇಲೆ 84 ಕೋಟಿ ಬಂದಿತು! ಇದು ಪ್ಯಾರಿಸ್ಸಿಗರೊಬ್ಬರ ದೋಷವಲ್ಲ. ಬದುಕಿದ್ದಾಗ ನೋಡಲು ಹೋಗದ ಹಿರಿಯರಿಗೆ ತಿಥಿಯ ದಿನ ಹೋಳಿಗೆ ಬಡಿಸುವುದು ಎಲ್ಲ ನಾಡಿನವರ ಗುಣವೂ ಹೌದು.

ಕೋಪವೂ ಎದ್ದಿತು. ಬೆಲೆಯೇರಿಕೆಯನ್ನು ವಿರೋಧಿಸಿ ಹಳದಿ ಅಂಗಿ ತೊಟ್ಟು ತಿಂಗಳುಗಟ್ಟಲೆ ಬೀದಿಗಿಳಿದಿದ್ದ ಜನ, ‘ಕಲ್ಲಿಗೆ ಒಂದೇ ರಾತ್ರಿಯಲ್ಲಿ ಕೋಟಿಗಳು ಸಿಕ್ಕುತ್ತವೆ, ಬಡವನಿಗೆ ಏಕೆ ಸಿಕ್ಕುವುದಿಲ್ಲ?’ ಎಂದು ಕೇಳಿದರು. ಕರಗಿದ ಸೀಸದ ಧೂಳು ನೆರೆಯ ಶಾಲೆಗಳನ್ನು ಮುಟ್ಟಿದೆಯೆಂಬ ಸುದ್ದಿಗೆ ತಾಯಂದಿರು ಕಳವಳಗೊಂಡರು. ಇನ್ನು ಕೆಲವರು, ಹಿಂದಿನ ವರ್ಷವಷ್ಟೇ, 2018ರ ಸೆಪ್ಟೆಂಬರಿನಲ್ಲಿ, ಬ್ರೆಜಿಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸುಟ್ಟುಹೋದಾಗ ಜಗತ್ತು ಇಷ್ಟು ಮಿಡಿಯಲಿಲ್ಲವೇಕೆ ಎಂದರು. ಇವು ಅಸೂಯೆಯ ಮಾತುಗಳೆಂದು ತಳ್ಳಿಹಾಕುವಂತಿಲ್ಲ. ಅವುಗಳಿಂದ ಒಂದು ಒಳಿತೂ ಆಯಿತು. ಅಮೆರಿಕದ ಲೂಯಿಸಿಯಾನಾದಲ್ಲಿ ಅದೇ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ, ಕರಿಯ ಜನರ ಮೂರು ಹಳೆಯ ಪ್ರಾರ್ಥನಾಮಂದಿರಗಳಿಗೆ ದುರುಳನೊಬ್ಬ ಬೆಂಕಿಯಿಟ್ಟಿದ್ದ. ಅವುಗಳ ನಿಧಿ ಕುಂಟುತ್ತ ಸಾಗಿತ್ತು. ಪ್ಯಾರಿಸ್ಸಿನ ಜೊತೆ ಇವನ್ನೂ ನೆನೆಯಿರೆಂದು ಸಜ್ಜನರು ಕರೆಯಿತ್ತಾಗ, ಕೆಲವೇ ದಿನಗಳಲ್ಲಿ ಅದು 18 ಲಕ್ಷ ಡಾಲರಿನ ಗುರಿಯನ್ನು ದಾಟಿತು.

ಮತ್ತೆ ಅದೇ ಪ್ರಶ್ನೆ

ಐದು ವರ್ಷಗಳೊಳಗೆ ಮತ್ತೆ ಕಟ್ಟುವೆವೆಂದು ಅಧ್ಯಕ್ಷ ಮಾಕ್ರೋನರು ಘೋಷಿಸಿದರು. ಹೇಗೆ ಕಟ್ಟಬೇಕೆಂಬುದೇ ವಿವಾದವಾಯಿತು. ಬಿದ್ದ ಶಿಖರ ಹದಿಮೂರನೆಯ ಶತಮಾನದ್ದಲ್ಲ. ಹಳೆಯದನ್ನು ಕಳಚಿದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೊಲೆ ಲ ದ್ಯುಕ್ ಎಂಬ ಶಿಲ್ಪಿ ನಿಲ್ಲಿಸಿದ್ದು. ಹಾಗಿದ್ದ ಮೇಲೆ ಇಂದಿನವರೂ ತಮ್ಮ ಕಾಲದ ಗುರುತನ್ನು ಇಡಬಾರದೇಕೆ ಎಂದು ಒಂದು ಪಕ್ಷ ವಾದಿಸಿತು. ಗಾಜಿನ ಶಿಖರ, ಮಾಳಿಗೆಯ ಮೇಲೆ ಹೂದೋಟ ಮುಂತಾದ ಕಲ್ಪನೆಗಳು ಹಾರಾಡಿದವು. ಫ್ರಾನ್ಸಿನ ಚರಿತ್ರೆಯಲ್ಲಿ ಆಧಾರಗಳೂ ಇದ್ದವು. ಶಾರ್ತ್ರ್ ನಗರದ ಪ್ರಧಾನ ಇಗರ್ಜಿಯ ಮರದ ಮಾಳಿಗೆ 1836ರಲ್ಲಿ ಸುಟ್ಟಾಗ ಕಬ್ಬಿಣದ ಚೌಕಟ್ಟು ಬಂದಿತ್ತು. ಮೊದಲ ಮಹಾಯುದ್ಧದಲ್ಲಿ ಸುಟ್ಟ ರೀಮ್ಸಿನ ಇಗರ್ಜಿಗೆ ಕಾಂಕ್ರೀಟಿನ ಚೌಕಟ್ಟು ಬಂದಿತ್ತು. ಅದು ಒಂದು ಬಗೆಯಲ್ಲಿ ಮೈಸೂರಿನ ದಾರಿ.

ಪ್ಯಾರಿಸ್ಸಾದರೋ ಮೈಸೂರಿನ ದಾರಿಯನ್ನು ಬಿಟ್ಟಿತು. 2020ರ ಜುಲೈನಲ್ಲಿ, ಇದ್ದದ್ದು ಇದ್ದಂತೆಯೇ ಆಗಬೇಕೆಂದು ತೀರ್ಮಾನವಾಯಿತು. ಫ್ರಾನ್ಸಿನ ಕಾಡುಗಳಿಂದ ಸುಮಾರು 2,000 ಓಕ್ ಮರಗಳನ್ನು ಆರಿಸಿ ತಂದರು. ಬಡಗಿಗಳು ಹಸಿಮರವನ್ನು ಹಳೆಯ ಕಾಲದ ಮಾದರಿಯ ಕೊಡಲಿಗಳಿಂದ ಕೈಯಲ್ಲೇ ಕೆತ್ತಿದರು. ಮರೆತೇಹೋಗುತ್ತಿದ್ದ ಕಸುಬೊಂದು ತರುಣರ ಕೈಗೆ ಬಂದಿತು. ಕೆಲಸ ಮೊದಲಾಗುವ ಮುನ್ನವೇ ದೊಡ್ಡ ತೊಡಕೊಂದಿತ್ತು. ದುರಸ್ತಿಗಾಗಿ ಶಿಖರದ ಸುತ್ತ ನಿಲ್ಲಿಸಿದ್ದ ಸಾರುವೆಯ ಸುಮಾರು 40,000 ಕಬ್ಬಿಣದ ಕೊಳವೆಗಳು ಉರಿಯಲ್ಲಿ ಸೊಟ್ಟಗಾಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಕಟ್ಟಡ ಕದಲದಂತೆ ಅವನ್ನು ಒಂದೊಂದಾಗಿ ಕೊಯ್ದು ಇಳಿಸಲು 2020ರಲ್ಲಿ ತಿಂಗಳುಗಳೇ ಹಿಡಿದವು. ಇಡೀ ಕಾರ್ಯದ ಹೊಣೆ ಹೊತ್ತಿದ್ದ ಸೇನಾಪತಿ ಜೋರ್ಜೆಲಾಂ ಅವರು 2023ರ ಆಗಸ್ಟಿನಲ್ಲಿ ತೀರಿಕೊಂಡರು. ಮುಗಿದ ಕೆಲಸವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 2024ರ ಡಿಸೆಂಬರ್ 7ರಂದು ಬಾಗಿಲು ತೆರೆಯಿತು. ಹೊಗೆಯ ಮಸಿ ತೊಳೆದ ಕಲ್ಲು, ಕಟ್ಟಿದ ಹೊಸತರಲ್ಲಿ ಹೇಗಿತ್ತೋ ಹಾಗೆ ಬೆಳ್ಳಗೆ ಹೊಳೆಯಿತು. ಮರವೇ ಮತ್ತೆ ಬಂದರೂ ಎಚ್ಚರ ಹೊಸದು: ಮಾಳಿಗೆಯಲ್ಲಿ ಉರಿ ಕಂಡೊಡನೆ ನೀರಿನ ತುಂತುರನ್ನು ಹರಡುವ ಏರ್ಪಾಡನ್ನು ಅಳವಡಿಸಿದ್ದಾರೆ.

ಮೈಸೂರು ಮರವನ್ನು ಬಿಟ್ಟು ಮನೆಯನ್ನು ಕಾಯಿತು. ಪ್ಯಾರಿಸ್ ಮರವನ್ನು ಉಳಿಸಿಕೊಂಡು ಕಾವಲನ್ನು ಬಲಪಡಿಸಿತು. ಅರಮನೆಗೆ ಇನ್ನೊಂದು ನೂರು ವರ್ಷ ಬಾಳಬೇಕಾಗಿತ್ತು. ಇಗರ್ಜಿಗೆ ಎಂಟು ನೂರು ವರ್ಷದ ನೆನಪನ್ನು ಉಳಿಸಿಕೊಳ್ಳಬೇಕಾಗಿತ್ತು. ಎರಡರಲ್ಲಿ ಯಾವುದು ಸರಿಯೆಂದು ತೂಗುವುದು ಕಷ್ಟ. ಎರಡೂ ಕಡೆ ಜನ ಕಲಿತದ್ದು ಮಾತ್ರ ಒಂದೇ: ಬೆಂಕಿ ಬಂದ ಮೇಲೆ ಎಷ್ಟು ಕೊಟ್ಟರೂ, ಬರುವ ಮುನ್ನ ಕೊಡಬೇಕಾಗಿದ್ದ ಗಮನಕ್ಕೆ ಅದು ಸಮವಾಗದು.

ಹಟ್ಟಿಯ ಸುತ್ತಮುತ್ತ

ಈ ಮಾತನ್ನು ದೂರದ ಪ್ಯಾರಿಸ್ಸಿಗಷ್ಟೇ ಅನ್ವಯಿಸಿ ಸುಮ್ಮನಿರಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯನ್ನು ನಾಡೆಲ್ಲ ಬಲ್ಲದು ಚಿನ್ನದ ಗಣಿಯಿಂದ. ನೆಲದಾಳದಿಂದ ಬರುವ ಅದಿರಿನ ಕಣಕಣಕ್ಕೂ ಅಲ್ಲಿ ಲೆಕ್ಕವುಂಟು. ಅದೇ ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಒಂದು ಕ್ಯಾಥೊಲಿಕ್ ಇಗರ್ಜಿ ಉಂಟು. ಗೋವೆಯಿಂದ ಬಂದ ಜೆಸ್ವಿತ್ ಪಾದ್ರಿಗಳು 1557ಕ್ಕೂ ಮೊದಲೇ ಅದನ್ನು ಕಟ್ಟಿದರೆಂದು ಹೇಳಿಕೆ. ವಿಜಯನಗರದ ಅರಸರೂ ಬಿಜಾಪುರದ ಆದಿಲಶಾಹಿಗಳೂ ಕೈಯಿಂದ ಕೈಗೆ ಕಸಿದುಕೊಂಡ ನೆಲ ಅದು. ಅದೇ ಊರಿನಲ್ಲಿ ಕೋಟೆಯೂ ಇದೆ. ಹಿಂದೂ ಮುಸಲ್ಮಾನರು ಕೂಡಿ ಆಚರಿಸುವ ಮೊಹರಮ್ಮಿಗೂ ಊರು ಹೆಸರಾಗಿದೆ. ಇತ್ತ ಮಸ್ಕಿಯಲ್ಲಿ, ಚಿನ್ನದ ಅದಿರನ್ನು ಅರಸಿಹೊರಟ ಬೀಡನ್ ಎಂಬ ಎಂಜಿನಿಯರರಿಗೆ 1915ರಲ್ಲಿ ಬಂಡೆಯ ಮೇಲಿನ ಲಿಪಿ ಕಾಣಿಸಿತು. ‘ದೇವಾನಾಂಪ್ರಿಯ’ನೆಂದು ಶಾಸನಗಳು ಕರೆಯುವ ದೊರೆ ಅಶೋಕನೇ ಎಂಬುದನ್ನು ಅದು ಹೆಸರಿಟ್ಟು ಹೇಳಿತು. ಚಿನ್ನ ಹುಡುಕಿದವರಿಗೆ ಚಿನ್ನಕ್ಕಿಂತ ಬೆಲೆಯುಳ್ಳದ್ದು ಸಿಕ್ಕಿತು.

ಬಂಡೆಗೆ ಬೆಂಕಿಯ ಭಯವಿಲ್ಲ, ಆದರೆ ಅಲಕ್ಷ್ಯದ ಭಯವುಂಟು. ಮರದ ಮಾಳಿಗೆ, ತೈಲದೀಪ, ಹಳೆಯ ವಿದ್ಯುತ್ ತಂತಿಗಳುಳ್ಳ ಗುಡಿ, ಮಸೀದಿ, ಇಗರ್ಜಿ, ಮಠಗಳಿಗೆ ಎರಡರ ಭಯವೂ ಉಂಟು. ಮಧುರೆಯ ಮೀನಾಕ್ಷಿ ದೇವಾಲಯದಲ್ಲಿ 2018ರ ಫೆಬ್ರವರಿ 2ರಂದು ಹೊತ್ತಿದ ಬೆಂಕಿ, ಮಂಟಪದೊಳಗೆ ನಡೆಯುತ್ತಿದ್ದ ಅಂಗಡಿಗಳಲ್ಲಿ ಹಬ್ಬಿ ಹಳೆಯ ಕಲ್ಲಿನ ಕೆಲಸವನ್ನೇ ಕುಸಿಯಿಸಿತು. ಕೇರಳದ ಗುರುವಾಯೂರಿನಲ್ಲಿ 1970ರ ನವೆಂಬರ್ 30ರ ಇರುಳು ದೇವಾಲಯದ ಸುತ್ತುಮನೆ ಹೊತ್ತಿ ಗಂಟೆಗಟ್ಟಲೆ ಉರಿದಾಗ, ಜಾತಿಮತದ ಭೇದವೆಣಿಸದೆ ಊರವರು ನೀರು ಮರಳು ಹೊತ್ತು ಓಡಿಬಂದರು. ಗರ್ಭಗುಡಿ ಉಳಿಯಿತು. ಅಂದು ಬಂದವರಲ್ಲಿ ಯಾರೂ ‘ಇದು ಯಾರ ಗುಡಿ?’ ಎಂದು ಕೇಳಲು ನಿಲ್ಲಲಿಲ್ಲ. ಉರಿಯ ಬೆಳಕಿನಲ್ಲಿ ಎಲ್ಲರಿಗೂ ಅದು ತಮ್ಮದಾಗಿಯೇ ಕಂಡಿತು.

ಆ ಭಾವ ಉರಿಯಿಲ್ಲದ ದಿನಗಳಲ್ಲಿಯೂ ಇರಬೇಕಾದುದು. ಅದಕ್ಕೆ ಕೋಟಿಗಳು ಬೇಕಿಲ್ಲ. ಜಾತ್ರೆಗೆ ಮುನ್ನ ಹಳೆಯ ತಂತಿಯನ್ನು ಬದಲಿಸುವುದು, ದೀಪದ ಸಾಲಿನ ಬಳಿ ಒಂದು ಬಕೆಟ್ಟು ಮರಳಿಡುವುದು, ಅಟ್ಟದ ಬೀಗದ ಕೈ ಎಲ್ಲಿದೆಯೆಂದು ಒಬ್ಬರಿಗಾದರೂ ಗೊತ್ತಿರುವುದು, ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಕೊಳವೆಯನ್ನು ತೆರವು ಮಾಡುವುದು—ಇವೆಲ್ಲ ಸಣ್ಣ ಕೆಲಸಗಳೇ. ಯಾರೂ ಇವಕ್ಕೆ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಪ್ಯಾರಿಸ್ಸಿನಲ್ಲಿ ಕಾವಲುಗಾರ ಅಂದು ಸರಿಯಾದ ಅಟ್ಟವನ್ನೇ ಮೊದಲು ಹತ್ತಿದ್ದರೆ, ಎಂಟು ಶತಮಾನದ ಆ ಕಾಡು ಉಳಿಯುತ್ತಿತ್ತೋ ಏನೋ!

ಶಿಖರದ ತುದಿಯಲ್ಲಿದ್ದ ತಾಮ್ರದ ಹುಂಜ ಮರುದಿನ ಅವಶೇಷಗಳ ನಡುವೆ ನಜ್ಜುಗುಜ್ಜಾಗಿ ಸಿಕ್ಕಿತು. ಹೊಸ ಶಿಖರದ ಮೇಲೆ ಈಗ ಕುಳಿತಿರುವುದು ಚಿನ್ನದ ಲೇಪದ ಹೊಸ ಹುಂಜ. ಎಲ್ಲರಿಗಿಂತ ಮೊದಲು ಎಚ್ಚೆತ್ತು ಊರನ್ನು ಎಬ್ಬಿಸುವುದು ಹುಂಜದ ಧರ್ಮ. ಹಳೆಯ ಮನೆಯೊಂದನ್ನು ತಮ್ಮದೆಂದು ಎಣಿಸುವ ಪ್ರತಿಯೊಬ್ಬರ ಧರ್ಮವೂ ಅದೇ ಅಲ್ಲವೆ?